ಒಳಪದರದ ಅರಿಶಿನ

ನಮ್ಮ ಸ್ಟುಡಿಯೋದಲ್ಲಿ ಅರಿಶಿನ ಹಚ್ಚಿಕೊಳ್ಳದೆ ಯಾವ ಹೆಣ್ಣುಮಗಳೂ ಫೋಟೋಕ್ಕೆ ಕೂತದ್ದಿಲ್ಲ. ಅಪ್ಪ ಬೆಟಗೇರಿಯಲ್ಲಿ ಪ್ರಭಾ ಸ್ಟುಡಿಯೋ ತೆರೆದ ಕಾಲದಿಂದ ನಡೆದು ಬಂದ ಪದ್ಧತಿ ಅದು. ಕನ್ನಡಿ ಕೋಣೆಯಲ್ಲಿ ಒಂದು ಹಿತ್ತಾಳೆ ಬಟ್ಟಲು, ಅದರಲ್ಲಿ ಹಾಲಿನ ಕೆನೆಗೆ ಕಲಸಿದ ಅರಿಶಿನ. ಹಚ್ಚಿಕೊಂಡು, ಸ್ವಲ್ಪ ಹೊತ್ತು ಬಿಟ್ಟು, ತೊಳೆದುಕೊಂಡು ಬಂದು ದೀಪದ ಮುಂದೆ ಕೂತರೆ ಮುಖಕ್ಕೆ ಒಂದು ಕಳೆ ಬರುತ್ತಿತ್ತು. ಮದುವೆಗೆ ಕೊಡುವ ಫೋಟೋ ಅಂದರೆ ರೋಣ, ಮುಂಡರಗಿ ಕಡೆಯವರೂ ಹುಡುಗಿಯರನ್ನು ನಮ್ಮಲ್ಲಿಗೇ ಕರೆತರುತ್ತಿದ್ದರು.

ಅಪ್ಪ ಹೋದರು. ಅವರ ಹಿಂದೆಯೇ ನನ್ನ ಗಂಡನೂ ಹೋದ. ಕ್ಯಾಮೆರಾ ನನ್ನ ಕೈಗೆ ಬಂತು. ನಾನು ರುದ್ರವ್ವ. ಹೆಸರಿಗೆ ತಕ್ಕ ಬಾಯಿ ಅಂತ ಓಣಿಯವರು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ಗಂಡ ಹೋದಂದಿನಿಂದ ಆ ಬಟ್ಟಲನ್ನು ಕಲಸುವವಳು ನಾನೇ, ಆದರೆ ನನ್ನ ಮುಖಕ್ಕೆ ಅದನ್ನು ಮುಟ್ಟಿಸಿರಲಿಲ್ಲ. ವಿಧವೆಗೆ ಅರಿಶಿನ ಇಲ್ಲ ಎಂದು ಯಾವ ಪುಣ್ಯಾತ್ಮ ಹೇಳಿ ಹೋದನೋ ಗೊತ್ತಿಲ್ಲ. ನಾನೂ ಜಗಳ ತೆಗೆಯಲಿಲ್ಲ. ಎಲ್ಲದಕ್ಕೂ ಜಗಳ ತೆಗೆಯುತ್ತ ಕೂತರೆ ಹೊಟ್ಟೆಗೆ ಉಣ್ಣುವುದು ಯಾವಾಗ?

ನನ್ನ ತಮ್ಮ ಪಂಪಾಪತಿ ಧಾರವಾಡದ ಒಂದು ಲ್ಯಾಬಿನಲ್ಲಿ ಎಂಜಿನಿಯರ್. ಬೆಳಕಿನ ಮೇಲೆ ಓದಿದವನು. ಒಂದು ಭಾನುವಾರ ದೊಡ್ಡ ಡಬ್ಬಿಯೊಂದನ್ನು ಕಾರಿನಿಂದ ಇಳಿಸಿ ಸ್ಟುಡಿಯೋದ ನಡುವೆ ಇಟ್ಟ. ಒಳಗೆ ರೊಟ್ಟಿ ಬೇಯಿಸುವ ಹಂಚಿನಷ್ಟು ಅಗಲದ ಒಂದು ದೀಪ.

"ಅಕ್ಕಾ, ಇಷ್ಟ್ ವರ್ಷ ನೀ ಮಾರಿ ಮ್ಯಾಲಿನ ಬೆಳಕನ್ನಷ್ಟ ಹಿಡದಿ. ಇದು ಚರ್ಮದ ಒಳಗ ಇಳೀತೈತಿ. ಇದರ ಹೆಸರು ಒಳಗಣ್ಣು."

"ಹೆಸರೇನೋ ಛಲೋ ಇಟ್ಟಿ. ಕೆಲಸ ಏನ್ ಮಾಡ್ತೈತಿ ಅದನ್ನ ಹೇಳು."

ಅವನು ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ದೀಪದಲ್ಲಿ ಎರಡು ಬೆಳಕು. ಒಂದು ನಾವೆಲ್ಲ ನೋಡುವ ಬಿಳಿ ಬೆಳಕು. ಇನ್ನೊಂದು ಕಣ್ಣಿಗೆ ಕಾಣದ ನೇರಳಾತೀತ ಬೆಳಕು, ಕಣ್ಣು ಮಿಟುಕಿಸುವಷ್ಟು ಹೊತ್ತು ಬಂದು ಹೋಗುತ್ತದೆ. ಆ ಎರಡನೆಯ ಬೆಳಕಿನಲ್ಲಿ ಚರ್ಮದ ಬಣ್ಣ ಎಲ್ಲಿ ಗಟ್ಟಿ, ಎಲ್ಲಿ ತೆಳು ಎನ್ನುವ ನಕಾಶೆ ಕ್ಯಾಮೆರಾಕ್ಕೆ ಸಿಗುತ್ತದೆ. ಕಂಪ್ಯೂಟರ್ ಆ ನಕಾಶೆ ನೋಡಿಕೊಂಡು ಕಲೆ ಇದ್ದಲ್ಲಿ ಮಾತ್ರ ತಿದ್ದುತ್ತದೆ. ಅಲ್ಲಿಯವರೆಗೆ ನಾವು ತಿದ್ದಿದ ಫೋಟೋಗಳು ಮೇಣದ ಗೊಂಬೆಯ ಹಾಗೆ ಬರುತ್ತಿದ್ದವು. ಕಲೆ ಅಳಿಸಲು ಹೋದರೆ ಮುಖವೇ ಅಳಿಸಿ ಹೋಗುತ್ತಿತ್ತು. ಒಳಗಣ್ಣಿನ ಫೋಟೋದಲ್ಲಿ ಹಾಗಲ್ಲ. ಚರ್ಮದ ಸಣ್ಣ ರಂಧ್ರಗಳು, ತುಟಿಯ ಮೇಲಿನ ನವಿರು ಕೂದಲು, ನಕ್ಕಾಗ ಬೀಳುವ ಗೆರೆ ಎಲ್ಲವೂ ಇರುತ್ತಿತ್ತು, ಕಲೆಗಳು ಮಾತ್ರ ಇರುತ್ತಿರಲಿಲ್ಲ. ಮೊದಲ ಫೋಟೋ ಕಂಡಾಗ ನಾನು "ಅಯ್ಯ ಶಿವನೇ!" ಎಂದು ತಮ್ಮನ ಬೆನ್ನಿಗೆ ಗುದ್ದಿದೆ. ಅಷ್ಟು ಚೆನ್ನಾಗಿತ್ತು.

ನಕಾಶೆ ಫೋಟೋದ ಫೈಲಿನೊಳಗೇ ಉಳಿಯುತ್ತಿತ್ತು, ಬೇಕಾದಾಗ ತಿದ್ದಿದ್ದನ್ನು ಮತ್ತೆ ಬಿಚ್ಚಲು ಬೇಕಲ್ಲ. ಅದಕ್ಕೆ ಒಳಪದರ ಅಂತ ಹೆಸರು. ಯಾರಾದರೂ ಅದನ್ನು ಅಳಿಸಿದರೆ 'ಅಳಿಸಲಾಗಿದೆ' ಎಂಬ ಮುದ್ರೆ ಫೈಲಿನ ಮೇಲೆ ಬೀಳುತ್ತಿತ್ತು. ಸುಳ್ಳು ಫೋಟೋ ಮಾಡಬಾರದೆಂದು ಲ್ಯಾಬಿನವರು ಹಾಗೆ ಮಾಡಿದ್ದರಂತೆ. ಒಳ್ಳೆಯ ಬುದ್ಧಿಯಿಂದಲೇ ಮಾಡಿದ್ದರು.

ಒಂದೇ ವರ್ಷದಲ್ಲಿ ಆ ದೀಪ ಊರೂರಿಗೆ ಬಂತು. ಆಮೇಲೆ ಯಾರೋ ಒಬ್ಬ ಮದುವೆ ದಲ್ಲಾಳಿ ಒಳಪದರವನ್ನು ಮೊಬೈಲಿನಲ್ಲೇ ತೆರೆಯುವುದನ್ನು ಕಂಡುಹಿಡಿದ. ತೊನ್ನು ಚರ್ಮದ ಮೇಲೆ ಕಾಣಿಸುವ ಎಷ್ಟೋ ಮೊದಲೇ ಅದರ ಬಿಳಿ ಕಲೆ ಒಳಪದರದಲ್ಲಿ ಹೊಳೆಯುತ್ತದೆ ಎಂಬ ಮಾತು ಹಬ್ಬಿತು. ಮಾತು ಖರೆಯೇ ಆಗಿತ್ತು. ಅಲ್ಲಿಗೆ ಮುಗಿಯಿತು ನೋಡಿ. ಗಂಡಿನ ಕಡೆಯವರು ಜಾತಕ ಕೇಳುವ ಮೊದಲು "ಒಳಪದರ ಕಳಸ್ರಿ" ಎನ್ನತೊಡಗಿದರು. ಹಳೆಯ ದೀಪದಲ್ಲಿ ತೆಗೆದ ಫೋಟೋ ಕೊಟ್ಟರೆ "ಏನೋ ಮುಚ್ಚಿಡಾಕ ಹತ್ಯಾರ" ಎಂದು ಅನುಮಾನ. ಬಿಸಿಲಿಗೆ ಹಚ್ಚುವ ಕ್ರೀಮು ಬಳಿದುಕೊಂಡು ಬಂದ ಹುಡುಗಿಯೊಬ್ಬಳ ಮುಖ ಒಳಪದರದಲ್ಲಿ ಹಂಚಿನ ಮಸಿ ಬಳಿದ ಹಾಗೆ ಕಪ್ಪಗೆ ಬಂತು. ಆ ಕ್ರೀಮು ನೇರಳಾತೀತ ಬೆಳಕನ್ನು ತಡೆಯುತ್ತದಂತೆ. ಅವಳು ನಮ್ಮ ಸ್ಟುಡಿಯೋದಲ್ಲಿ ಕೂತು ಅತ್ತದ್ದು ನನಗೆ ಇನ್ನೂ ನೆನಪಿದೆ. ಗಂಡು ಹುಡುಗರ ಒಳಪದರ ಮಾತ್ರ ಯಾರೂ ಕೇಳಲಿಲ್ಲ, ಅದನ್ನು ನಾನು ಬೇರೆ ಹೇಳಬೇಕಾಗಿಲ್ಲ.

ನನ್ನ ಮಗಳು ಕಸ್ತೂರಿಗೆ ರಾಣೆಬೆನ್ನೂರಿನ ಸಂಬಂಧ ಬಂದದ್ದು ಆಗಲೇ. ಹುಡುಗ ಹಾಲೇಶ, ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಬಂದು ನೋಡಿ ಹೋದರು. ಇಬ್ಬರೂ ಒಪ್ಪಿದರು. ಸ್ಟುಡಿಯೋದ ಆಲ್ಬಮ್ ಕೆಲಸ ಮಾಡುತ್ತ ಕಿವಿಗೆ ವೈರು ಸಿಕ್ಕಿಸಿಕೊಂಡು ಕಸ್ತೂರಿ ಅವನ ಜೊತೆ ಮಾತಾಡುತ್ತಿದ್ದಳು. ಒಬ್ಬಳೇ ನಗುತ್ತಿದ್ದಳು. "ಲೆಕ್ಕದ ಮಾಸ್ತರ ಅಷ್ಟ್ ನಗಸ್ತಾನೇನ?" ಎಂದರೆ ಮುಖ ಕೆಂಪಗಾಗುತ್ತಿತ್ತು. ಹಾಲೇಶನ ತಾಯಿ ಚಂದ್ರವ್ವ ಒಂದು ಫೋಟೋ ಕೇಳಿದರು. ನಾನು ನನ್ನ ಕೈಯಾರೆ ಕಸ್ತೂರಿಯ ಮುಖಕ್ಕೆ, ಕುತ್ತಿಗೆಗೆ ಅರಿಶಿನ ಹಚ್ಚಿ ತೊಳೆದು, ಒಳಗಣ್ಣಿನ ಮುಂದೆ ಕೂರಿಸಿ ತೆಗೆದು ಕಳಿಸಿದೆ. ನನ್ನ ಜನ್ಮದಲ್ಲಿ ಅಷ್ಟು ಒಳ್ಳೆಯ ಫೋಟೋ ತೆಗೆದಿರಲಿಲ್ಲ.

ಮೂರನೆಯ ದಿನ ಫೋನು ಬಂತು.

"ರುದ್ರವ್ವಾರ, ತಪ್ಪ ತಿಳ್ಕೋಬ್ಯಾಡ್ರಿ," ಎಂದರು ಚಂದ್ರವ್ವ. "ಒಳಪದರದಾಗ ನಿಮ್ಮ ಹುಡುಗಿ ಗಲ್ಲದ ಮ್ಯಾಲ, ಕುತ್ತಿಗಿ ಮ್ಯಾಲ ಬೆಳ್ಳನ ಕಲೆ ಅದಾವು."

"ಏನ್ ಹೇಳಾಕ ಹತ್ತೀರಿ ನೀವು? ನಮ್ಮ ಹುಡುಗಿ ಮಾರಿ ಕಣ್ಣಾರೆ ನೋಡಿ ಹೋಗೀರಲ್ಲ!"

"ಈಗ ಇಲ್ಲ ಬಿಡ್ರಿ. ಮುಂದ ಬರೂದನ್ನ ತೋರಸ್ತೈತಂತಲ್ಲ ಅದು. ನಮಗ ಇರಾಂವ ಒಬ್ಬ ಮಗ. ನೀವೂ ಹಡದೀರಿ, ನಿಮಗ ತಿಳೀತೈತಿ."

ಫೋನಿಟ್ಟ ಮೇಲೆ ಒಳಪದರ ತೆರೆದು ನೋಡಿದೆ. ಬೂದು ಬಣ್ಣದ ಮುಖದ ಮೇಲೆ ಗಲ್ಲದಲ್ಲಿ, ಹುಬ್ಬಿನ ಅಂಚಿನಲ್ಲಿ, ಕುತ್ತಿಗೆಯಲ್ಲಿ ಬೆಳ್ಳಗೆ ಹೊಳೆಯುವ ತೇಪೆಗಳು. ಹಿಂದೆ ನಿಂತಿದ್ದ ಕಸ್ತೂರಿಯೂ ನೋಡಿದಳು. ಕನ್ನಡಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅವತ್ತಿನಿಂದ ನಮ್ಮ ಮನೆ ಮನೆಯಾಗಿ ಉಳಿಯಲಿಲ್ಲ. ಕಸ್ತೂರಿ ಬೆಳಿಗ್ಗೆ ಎದ್ದವಳೇ ಕನ್ನಡಿಯ ಮುಂದೆ ನಿಂತು ಗಲ್ಲ ಜಗ್ಗಿ ನೋಡುತ್ತಿದ್ದಳು. ಬಿಸಿಲಿಗೆ ಹೋಗುವುದನ್ನು ಬಿಟ್ಟಳು. ಮೊಸರು ಬಿಳಿ ಅಂತ ಮೊಸರು ಬಿಟ್ಟಳು, ಯಾರು ತಲೆಗೆ ತುಂಬಿದರೋ. ಹಾಲೇಶನ ಫೋನು ನಿಂತಿತ್ತು. ಒಂದು ದಿನ ನಾನು ರೇಗಿ ಕನ್ನಡಿಯ ಮೇಲೆ ಬೆಡ್‌ಶೀಟು ಹೊದಿಸಿದೆ. ಅವಳು ಸ್ಟೀಲಿನ ತಾಟಿನ ಬೆನ್ನಲ್ಲಿ ಮುಖ ನೋಡಿಕೊಂಡಳು.

"ಅವ್ವಾ, ಎಲ್ಲಿಂದ ಚಾಲೂ ಆಗತೈತಿ ಇದು? ಗಲ್ಲದಿಂದನೋ, ಕುತ್ತಿಗಿಯಿಂದನೋ?"

ಅಳು ಬಂದರೆ ನನ್ನ ಬಾಯಿ ಬೈಗುಳಕ್ಕೇ ತೆರೆಯುವುದು. "ನಿನ್ನ ಮಾವನ ದೀಪಕ್ಕ ಬೆಂಕಿ ಹಚ್ಚತೀನಿ!" ಎಂದೆ. ಆಮೇಲೆ ತಮ್ಮನಿಗೆ ಫೋನ್ ಹಚ್ಚಿದೆ. "ನೀ ಹಚ್ಚಿದ ದೀಪ ಇದು, ನೀನ ನೋಡು ಬಾ" ಎಂದು ಕೂಗಿದೆ. ಪಂಪ, "ಆಕಿನ್ನ ಕರಕೊಂಡು ಲ್ಯಾಬಿಗೆ ಬಾ ಅಕ್ಕಾ" ಎಂದ.

ಧಾರವಾಡದ ಲ್ಯಾಬು ಅಂದರೆ ನಾನು ಏನೇನೋ ಅಂದುಕೊಂಡಿದ್ದೆ. ಕಪ್ಪು ಬಣ್ಣ ಬಳಿದ ಒಂದು ಕೋಣೆ, ನಡುವೆ ಒಂದು ಸ್ಟೂಲು, ಸುತ್ತ ದೀಪಗಳು, ಮೂಲೆಯಲ್ಲಿ ಚಹಾದ ಕಪ್ಪುಗಳು. ಫ್ಯಾನು ಕೂಡ ಇರಲಿಲ್ಲ, ಗಾಳಿಗೆ ಧೂಳು ಏಳುತ್ತದಂತೆ. ಕಸ್ತೂರಿ ಅವತ್ತೂ ಬೆಳಿಗ್ಗೆ ಅರಿಶಿನ ಹಚ್ಚಿ ಮುಖ ತೊಳೆದುಕೊಂಡೇ ಬಂದಿದ್ದಳು. ಅವಳಿಗೆ ನೆನಪಿರಲಿ ಬಿಡಲಿ, ಫೋಟೋ ಅಂದರೆ ಅವಳ ಕೈ ತಾನಾಗಿಯೇ ಆ ಬಟ್ಟಲಿಗೆ ಹೋಗುತ್ತದೆ.

ಪಂಪ ಒಂದು ಫೋಟೋ ತೆಗೆದ. ಪರದೆಯ ಮೇಲೆ ಕಲೆಗಳು ಬಂದವು. ಆದರೆ ಅವನ ಹುಬ್ಬು ಗಂಟಾಯಿತು. ಹಳೆಯ ಫೋಟೋದ ಒಳಪದರವನ್ನು ಪಕ್ಕಕ್ಕೆ ಇಟ್ಟ.

"ಅಕ್ಕಾ, ಅವತ್ತ ಎಡಗಲ್ಲದ ಮ್ಯಾಲಿತ್ತು. ಇವತ್ತ ಹಣಿ ಮ್ಯಾಲ ಐತಿ. ಚರ್ಮದ ಬಣ್ಣ ಹಿಂಗ ತಿರುಗ್ಯಾಡಂಗಿಲ್ಲ."

"ಅಂದ್ರ?"

"ಗೊತ್ತಿಲ್ಲ. ಇನ್ನೊಂದು ತಗೀತೀನಿ, ತಡಿ."

ಕಸ್ತೂರಿಗೆ ಬೆವರು ಇಳಿಯುತ್ತಿತ್ತು. ಮೇಜಿನ ಮೇಲಿದ್ದ ಬಿಳಿ ಕಾಗದದ ಕರವಸ್ತ್ರ ತೆಗೆದು ಮುಖ ಒರೆಸಿ ತೊಡೆಯ ಮೇಲಿಟ್ಟುಕೊಂಡಳು. ಪಂಪ ಈ ಸಲ ಬಿಳಿ ದೀಪ ಆರಿಸಿ, ನೇರಳಾತೀತ ಬೆಳಕನ್ನಷ್ಟೇ ಹೊತ್ತಿಸಿ ಹಿಡಿದ. ಕೋಣೆ ಕತ್ತಲಾಯಿತು. ಆ ಕತ್ತಲಿನಲ್ಲಿ ಅವಳ ತೊಡೆಯ ಮೇಲಿನ ಕಾಗದ ಹಳದಿ ಹಸಿರಾಗಿ ಹೊಳೆಯತೊಡಗಿತು. ಮಿಣುಕು ಹುಳ ಕೂತ ಹಾಗೆ.

ನಾವು ಮೂವರೂ ಅದನ್ನೇ ನೋಡಿದೆವು.

"ಅರಿಶಿನ!" ಎಂದಳು ಕಸ್ತೂರಿ.

ಪಂಪ ತಲೆ ಹಿಡಿದುಕೊಂಡು ಕೂತ. ಅರಿಶಿನಕ್ಕೆ ನೇರಳಾತೀತ ಬೆಳಕು ತಾಗಿದರೆ ಅದು ತಾನೇ ಹೊಳೆಯುತ್ತದೆ. ತೊಳೆದರೂ ಚರ್ಮದ ಮೇಲೆ ಅಲ್ಲಲ್ಲಿ ಉಳಿಯುತ್ತದೆ. ಒಳಗಣ್ಣಿನ ಎರಡನೆಯ ಕ್ಯಾಮೆರಾಕ್ಕೆ ಬಣ್ಣ ತಿಳಿಯುವುದಿಲ್ಲ, ಕಪ್ಪು ಬಿಳುಪಷ್ಟೇ. ಅದಕ್ಕೆ ತೊನ್ನಿನ ಹೊಳಪೂ ಒಂದೇ, ಅರಿಶಿನದ ಹೊಳಪೂ ಒಂದೇ. ಲ್ಯಾಬಿನಲ್ಲಿ ದೀಪವನ್ನು ಪರೀಕ್ಷೆ ಮಾಡುವಾಗ ಕೂತವರೆಲ್ಲ ಅಲ್ಲಿಯ ಎಂಜಿನಿಯರುಗಳು, ಕಾಲೇಜು ಹುಡುಗರು. ಅವರಲ್ಲಿ ಒಬ್ಬರೂ ಅರಿಶಿನ ಹಚ್ಚುವವರಲ್ಲ.

"ಅಂದ್ರ ನಮ್ಮ ಸ್ಟುಡಿಯೋದಾಗ ಕುಂತ ಹುಡುಗ್ಯಾರಿಗೆಲ್ಲ..." ಎಂದೆ. ನಮ್ಮ ಹಿತ್ತಾಳೆ ಬಟ್ಟಲು ಎಷ್ಟು ಹುಡುಗಿಯರ ಮುಖಕ್ಕೆ ತೊನ್ನು ಬರೆದು ಕಳಿಸಿತ್ತೋ!

ಪಂಪ ಕೆಲಸ ಹಿಡಿದ. ಕ್ಯಾಮೆರಾಕ್ಕೆ ಬಣ್ಣ ಬೇರೆ ಮಾಡುವ ಗಾಜು ಸಿಕ್ಕಿಸಿದ, ಕಂಪ್ಯೂಟರಿಗೆ ಹಳದಿ ಹೊಳಪು ಬೇರೆ, ಬಿಳಿ ಹೊಳಪು ಬೇರೆ ಎಂದು ಕಲಿಸಿದ. ಮಧ್ಯಾಹ್ನದ ಹೊತ್ತಿಗೆ ಮತ್ತೆ ಕಸ್ತೂರಿಯನ್ನು ಕೂರಿಸಿದ. ಈಗ ಕಲೆಗಳ ಜಾಗದಲ್ಲಿ ಹಳದಿ ಗೆರೆ ಎಳೆದು 'ಅರಿಶಿನ' ಎಂದು ಪರದೆ ತೋರಿಸಿತು. ಅದರಾಚೆ ಮುಖ ಶುದ್ಧ. ಕಸ್ತೂರಿ ಮೊದಲು ನಕ್ಕಳು, ಆಮೇಲೆ ಅತ್ತಳು, ಆಮೇಲೆ "ಹಸಿವಾಗೇತಿ" ಎಂದಳು. ಎಷ್ಟೋ ದಿನದ ಮೇಲೆ ಆ ಮಾತು ಕೇಳಿದೆ.

"ದಪ್ಪಗ ಹಚ್ಚಿದ್ರೂ ಹಿಂಗ ಬರತೈತೇನ್ ಮಾವಾ?"

"ದಪ್ಪ ಇದ್ರ ಬೆಳಕು ಕೆಳಗ ಇಳಿಯಂಗಿಲ್ಲವ್ವ. ಅರಿಶಿನ ಅಂತ ಹೇಳಿ ಸುಮ್ನಾಗತೈತಿ. ಕೆಳಗ ಏನೈತಿ ಅದಕ್ಕ ಕಾಣಂಗಿಲ್ಲ." ಅವನು ನನ್ನ ಕಡೆ ತಿರುಗಿದ. ಸ್ವಲ್ಪ ಹಿಂಜರಿದ. "ಅಕ್ಕಾ, ಅರಿಶಿನ ಮುಟ್ಟದ ಮಾರಿ ಒಂದು ಬೇಕು, ತಾಳೆ ನೋಡಾಕ. ನೀ ಅಂತೂ ಹಚ್ಚಂಗಿಲ್ಲಲ್ಲ..."

"ಹೂಂ, ಅದಕ್ಕರ ಉಪಯೋಗ ಆಗಲಿ," ಎಂದು ನಾನು ಸ್ಟೂಲಿನ ಮೇಲೆ ಕೂತೆ. ಇಡೀ ಆಯುಷ್ಯ ಕ್ಯಾಮೆರಾದ ಹಿಂದೆ ನಿಂತವಳಿಗೆ ಮುಂದೆ ಕೂರುವುದೇ ನಾಚಿಕೆ. ದೀಪ ಮಿಂಚಿತು.

ಪಂಪ ಪರದೆ ನೋಡಿದ, ಹತ್ತಿರ ಬಾಗಿ ಮತ್ತೆ ನೋಡಿದ. ನಾನು ಎದ್ದು ಹೋಗಿ ನೋಡಿದೆ. ನನ್ನ ಬಾಯಿಯ ಎಡ ಮಗ್ಗುಲಲ್ಲಿ, ಗಲ್ಲದವರೆಗೆ, ಎಲೆ ಆಕಾರದ ಒಂದು ಬಿಳಿ ಕಲೆ. ಹಳದಿ ಗೆರೆ ಇರಲಿಲ್ಲ, 'ಅರಿಶಿನ' ಎಂಬ ಬರಹವೂ ಇರಲಿಲ್ಲ.

"ಇನ್ನೊಮ್ಮೆ ತಗಿ," ಎಂದೆ. ತೆಗೆದ. ಅಲ್ಲೇ ಇತ್ತು, ಅದೇ ಆಕಾರ.

"ಅಕ್ಕಾ, ಇದು ಅಂಟೂದಲ್ಲ, ನೋವಿಲ್ಲ, ಜೀವಕ್ಕೇನೂ ಧಕ್ಕಿ ಇಲ್ಲ. ಬಣ್ಣ ಹೋಗತೈತಿ ಅಷ್ಟ. ತಾಯಿಗಿದ್ರ ಮಕ್ಕಳಿಗೆ ಬರಬೇಕು ಅಂತನೂ ಇಲ್ಲ."

"ಇದನ್ನೆಲ್ಲ ಚಂದ್ರವ್ವಗ ನೀ ಹೋಗಿ ಹೇಳ್ತೀಯೇನ?"

ನನ್ನ ಮುಖಕ್ಕೆ ಏನಾಗುತ್ತದೆ ಎಂಬ ಚಿಂತೆ ನನಗೆ ಒಂದಿಷ್ಟೂ ಬರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ತಾಯಿಗೆ ಇದೆ ಎಂದು ಗೊತ್ತಾದರೆ ಮಗಳ ಮುಖ ಎಷ್ಟು ಶುದ್ಧವಿದ್ದರೇನು? ಆಗಷ್ಟೇ ತೆರೆದ ಬಾಗಿಲು ಮತ್ತೆ ಮುಚ್ಚುತ್ತದೆ. ಕಸ್ತೂರಿ ಪರದೆಯನ್ನೂ ನನ್ನನ್ನೂ ನೋಡಿದಳು. ಬಸ್ಸಿನಲ್ಲಿ ಬೆಟಗೇರಿ ತಲುಪುವವರೆಗೂ ನನ್ನ ಕೈ ಬಿಡಲಿಲ್ಲ.

ಲ್ಯಾಬಿನವರು ಹೊಸ ಗಾಜನ್ನು ಊರೂರಿಗೆ ಕಳಿಸಿದರು. ಅರಿಶಿನದ ವಿಷಯ ಟಿವಿಯಲ್ಲೂ ಬಂತು. ಮುರಿದ ಸಂಬಂಧಗಳು ಮಾತ್ರ ಗಾಜು ಸಿಕ್ಕಿಸಿದ ಕೂಡಲೇ ಕೂಡಿಕೊಳ್ಳುವುದಿಲ್ಲವಲ್ಲ. ರೋಣದ ಒಬ್ಬ ಹುಡುಗಿಯ ಫೋಟೋ ನಾನೇ ತೆಗೆದಿದ್ದೆ. ಅಷ್ಟರೊಳಗೆ ಅವಳನ್ನು ದೂರದೂರಿನ ಎರಡನೇ ಸಂಬಂಧಕ್ಕೆ ಕೊಟ್ಟು ಮುಗಿಸಿದ್ದರು. ಅವಳ ಅಪ್ಪ ಸಂತೆಗೆ ಬಂದು ಸ್ಟುಡಿಯೋದ ಮುಂದೆ ಹಾದುಹೋಗುವಾಗ ನನ್ನ ಕಡೆ ತಿರುಗಿಯೂ ನೋಡುವುದಿಲ್ಲ. ನೋಡಬೇಕು ಅಂತ ನಾನು ಹೇಗೆ ಹೇಳಲಿ?

ನಮಗೆ ಮಾತ್ರ ಚಂದ್ರವ್ವ ತಾವಾಗಿಯೇ ಬಂದರು. ಜೊತೆಗೆ ಹಾಲೇಶ. ಕಸ್ತೂರಿಯ ಮುಂದೆ ನಿಂತು, "ಅವ್ವ ಬ್ಯಾಡ ಅಂದ್ಲು, ನಾ ಸುಮ್ನಾದೆ. ನಂದೂ ತಪ್ಪೈತಿ," ಎಂದ. ಅವನು ಬಂದು ಹೋದ ಮೇಲೆ ನಾನು ಮಗಳನ್ನು ಕೇಳಿದೆ. "ಬೇಕೇನ್ ನಿನಗ ಅಂವ?"

"ಬೇಕು. ಸಿಟ್ಟೂ ಐತಿ. ಎರಡೂ ಐತಿ, ಏನ್ ಮಾಡ್ಲಿ?"

ನಿಶ್ಚಿತಾರ್ಥ ನಮ್ಮ ಸ್ಟುಡಿಯೋದ ಪಡಸಾಲೆಯಲ್ಲೇ ಎಂದಾಯಿತು. ಆ ಹೊತ್ತಿಗೆ ಜನರಲ್ಲಿ ಹೊಸದೊಂದು ರೂಢಿ ಬಂದಿತ್ತು. ನಿಶ್ಚಯದ ದಿನ ಎರಡೂ ಕಡೆಯವರು ಒಟ್ಟಿಗೆ ಒಳಗಣ್ಣಿನ ಮುಂದೆ ಕೂತು ಫೋಟೋ ತೆಗೆಸಿಕೊಂಡು, ಒಳಪದರವನ್ನು ಪರಸ್ಪರ ಕಳಿಸಿಕೊಳ್ಳಬೇಕು. ನಂಬಿಕೆಗೆ ಅಂತೆ. ಚಂದ್ರವ್ವ ಅದನ್ನೇ ಕೇಳಿದರು. ಬೇಡ ಎನ್ನಲು ನನ್ನ ಬಳಿ ಕಾರಣವಿರಲಿಲ್ಲ.

"ಒಳಪದರ ಅಳಸಲೇನ್ ಅಕ್ಕಾ?" ಎಂದ ಪಂಪ.

"ಮುದ್ರಿ ಬೀಳತೈತಲ್ಲೋ. ಕಲೆಗಿಂತ ಅದ ಕೆಟ್ಟದ್ದು."

ನಾನು ಬೇರೆ ಉಪಾಯ ಮಾಡಿಕೊಂಡಿದ್ದೆ. ಶುಭಕಾರ್ಯದ ಫೋಟೋದಲ್ಲಿ ವಿಧವೆ ಮುಂದೆ ಕೂರುವುದಿಲ್ಲ. ಅದೂ ಅಲ್ಲದೆ ಕ್ಯಾಮೆರಾ ಹಿಡಿಯುವವಳು ನಾನೇ. ಯಾರಿಗೂ ಅನುಮಾನ ಬರುವುದಿಲ್ಲ. ಇಷ್ಟು ವರ್ಷ ನನ್ನನ್ನು ಹಿಂದಕ್ಕೆ ತಳ್ಳಿದ ಪದ್ಧತಿ ಅವತ್ತು ನನ್ನನ್ನು ಮುಚ್ಚಿಡಲಿಕ್ಕೆ ಬಂತು. ನನಗೆ ಅದರ ಬಗ್ಗೆ ಸಿಟ್ಟೂ ಬರಲಿಲ್ಲ, ಹಾಯೆನಿಸಿತು.

ನಿಶ್ಚಯದ ದಿನ ಬೆಳಿಗ್ಗೆ ಎಲ್ಲರೂ ಸಾಲಾಗಿ ಕೂತರು. ಹಾಲೇಶ ಹೊಸ ಧೋತರ ಉಟ್ಟು ಅದನ್ನು ಸರಿಮಾಡಿಕೊಳ್ಳುತ್ತಲೇ ಇದ್ದ. ನಾನು ಕ್ಯಾಮೆರಾಕ್ಕೆ ಕಣ್ಣು ಹಚ್ಚಿದೆ. ಕಸ್ತೂರಿಯ ಕುರ್ಚಿ ಖಾಲಿ ಇತ್ತು.

ಅವಳು ಕನ್ನಡಿ ಕೋಣೆಯಿಂದ ಹಿತ್ತಾಳೆ ಬಟ್ಟಲು ಹಿಡಿದುಕೊಂಡು ಬಂದಳು. ನೇರ ನನ್ನ ಹತ್ತಿರ. ನನ್ನ ಕೈಯಿಂದ ಕ್ಯಾಮೆರಾ ತೆಗೆದು ಪಂಪನ ಕೈಗೆ ಕೊಟ್ಟಳು. ನಾನು ಏನು ಎತ್ತ ಅನ್ನುವುದರೊಳಗೆ ಅವಳ ತಣ್ಣನೆಯ ಬೆರಳುಗಳು ನನ್ನ ಗಲ್ಲದ ಮೇಲಿದ್ದವು. ಅರಿಶಿನ! ಎಡಗಲ್ಲಕ್ಕೆ ಹಚ್ಚಿದಳು, ಬಾಯಿಯ ಮಗ್ಗುಲಿಗೆ ಮತ್ತೆ ಹಚ್ಚಿದಳು, ದಪ್ಪಗೆ.

ಗಂಡಿನ ಕಡೆಯ ಮುದುಕಿಯೊಬ್ಬಳು, "ಏ ತಂಗಿ, ಏನ್ ಮಾಡಾಕ ಹತ್ತೀದಿ? ಅವ್ರು ಹಚ್ಚಬಾರದವ್ವ!" ಎಂದಳು.

"ನಮ್ಮ ಸ್ಟುಡಿಯೋದಾಗ ಅರಿಶಿನ ಹಚ್ಚದ ಯಾರೂ ಫೋಟೋಕ್ಕ ಕುಂದ್ರಂಗಿಲ್ರಿ," ಎಂದಳು ಕಸ್ತೂರಿ. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದಳು: "ಹಾಲೇಶಗ ನಾನ ಹೇಳ್ತೀನಿ, ನನ್ನ ಬಾಯಿಂದ. ಮಷಿನ್ ಹೇಳೂದು ಬ್ಯಾಡ."

"ಯಾವಾಗ?"

ಅವಳು ಮತ್ತೆ ಬಟ್ಟಲಿಗೆ ಬೆರಳು ಅದ್ದಿದಳು.

ಚಂದ್ರವ್ವ ಎದ್ದು ಬಂದರು. ಈಗ ಜಗಳವಾಗುತ್ತದೆ ಅಂದುಕೊಂಡೆ. ಅವರ ಕಣ್ಣು ಒದ್ದೆಯಾಗಿತ್ತು. "ಅಪ್ಪ ಹೋದ ಮ್ಯಾಲ ನನ್ನ ಅವ್ವಗೂ ಯಾರರ ಹಿಂಗ ಹಚ್ಚಿದ್ರ ಆಗ್ತಿತ್ತು," ಎಂದವರೇ ಬಟ್ಟಲಿಗೆ ಕೈ ಹಾಕಿ ಅದೇ ಗಲ್ಲದ ಮೇಲೆ ಇನ್ನಷ್ಟು ಹಚ್ಚಿದರು. ಹಾಲೇಶ ಎದ್ದು ನನಗೆ ಕುರ್ಚಿ ಕೊಟ್ಟ. ಗಂಡ ಹೋದ ಮೇಲೆ ಮೊದಲ ಸಲ ಆ ತಂಪು ನನ್ನ ಮುಖಕ್ಕೆ ತಾಗಿತ್ತು. ನಾನು ಎಲ್ಲರ ಮುಂದೆ ಬಿಕ್ಕಿ ಬಿಕ್ಕಿ ಅತ್ತೆ. ಖುಷಿಗೋ, ಮುಚ್ಚಿಟ್ಟದ್ದರ ಹೇಸಿಗೆಗೋ, ನನಗೇ ತಿಳಿಯಲಿಲ್ಲ. ಪಂಪ ದೀಪ ಹೊತ್ತಿಸಿದ. ಒಳಪದರದಲ್ಲಿ ನನ್ನ ಮುಖದ ಮೇಲೆ ಹಳದಿ ಗೆರೆಯೊಳಗೆ 'ಅರಿಶಿನ' ಎಂದಷ್ಟೇ ಬಂತು.

ಆ ಫೋಟೋ ಈಗ ರಾಣೆಬೆನ್ನೂರಿನ ಮನೆಯ ಗೋಡೆಯ ಮೇಲಿದೆ. ಕಸ್ತೂರಿ ಗಂಡನ ಮನೆಯಲ್ಲಿ ಸುಖವಾಗಿದ್ದಾಳೆ. ಅವನಿಗೆ ಹೇಳಿದಳೋ ಇಲ್ಲವೋ, ಫೋನಿನಲ್ಲಿ ಮಾತಾಡುವಾಗಲೆಲ್ಲ ಆ ಪ್ರಶ್ನೆ ಬಾಯಿಯ ತನಕ ಬರುತ್ತದೆ, ಕೇಳಿಲ್ಲ. ನನ್ನ ಬಾಯಿಯ ಮಗ್ಗುಲಲ್ಲಿ ಈಗ ಬರಿಗಣ್ಣಿಗೂ ಒಂದು ಬಿಳಿ ಚುಕ್ಕೆ ಕಾಣುತ್ತದೆ. ದಿನಾ ಬೆಳಿಗ್ಗೆ ಎದ್ದು ಅದರ ಮೇಲೆ ಅರಿಶಿನ ಹಚ್ಚಿಕೊಂಡು, ತೊಳೆಯದೆಯೇ ಹೊರಗೆ ಬರುತ್ತೇನೆ. ಓಣಿಯವರು "ರುದ್ರವ್ವ ಗಟ್ಟಿಗಿತ್ತಿ, ಯಾರಿಗೂ ಅಂಜಂಗಿಲ್ಲ" ಎನ್ನುತ್ತಾರೆ. ಹಿಂದಿನ ಓಣಿಯ ನೀಲವ್ವ ನನಗಿಂತ ಮೊದಲೇ ಗಂಡನನ್ನು ಕಳೆದುಕೊಂಡವಳು. ಅವಳು ನಿನ್ನೆ ಮುಖದ ತುಂಬ ಅರಿಶಿನ ಹಚ್ಚಿಕೊಂಡು ಸ್ಟುಡಿಯೋಕ್ಕೆ ಬಂದಳು. "ನಿನ್ನ ನೋಡಿ ನನಗೂ ಧೈರ್ಯ ಬಂತವ್ವಾ, ಒಂದು ಫೋಟೋ ತಗಿ," ಎಂದು ನಗುತ್ತ ಕೂತಳು. ನಾನು ಹಳೆಯ ದೀಪ ಹೊತ್ತಿಸಿದೆ. ಅವಳ ಕಣ್ಣಿಗೆ ಕಣ್ಣು ಕೊಡಲಾಗದೆ ಕ್ಯಾಮೆರಾದ ಹಿಂದೆ ಮುಖ ಅಡಗಿಸಿಕೊಂಡೆ.